ನಿಂತಲ್ಲೇ ನಲವತ್ತು

ನನ್ನನ್ನು ನೋಡಲು ಬಂದ ಗಂಡಿಗೆ ನಮ್ಮಪ್ಪ ಕೇಳಿದ ಮೊದಲ ಪ್ರಶ್ನೆ, ವಿಮಾನ ಓಡಿಸುತ್ತೀರಾ ಅಂತ. ಇಲ್ಲ ಅಂದ. ಹಾಗಾದರೆ ಎಂಜಿನ್ ರಿಪೇರಿ ಇರಬೇಕು ಅಂದರು. ಅದಕ್ಕೆ ಬೇರೆಯವರಿದ್ದಾರೆ ಅಂದ. ಚಕ್ರ, ರೆಕ್ಕೆ, ಬಾಗಿಲು, ಅಪ್ಪ ಕೇಳಿದ ಯಾವುದಕ್ಕೂ ಅವನು ಹೂಂ ಅನ್ನಲಿಲ್ಲ. ಕೊನೆಗೆ ಬೋಂಡಾ ತಟ್ಟೆ ಕೆಳಗಿಟ್ಟು, ವಿಮಾನದೊಳಗಿನ ಮೀಟರುಗಳ ಮುಳ್ಳು ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ನೋಡುವುದು, ಸುಳ್ಳು ಹೇಳಿದರೆ ಯಾಕೆ ಅಂತ ಹುಡುಕಿ ಸರಿಮಾಡುವುದು ತನ್ನ ಕೆಲಸ ಅಂತ ಬಿಡಿಸಿ ಹೇಳಿದ. ಅಪ್ಪ ತಮ್ಮ ಬೋಂಡಾ ತಟ್ಟೆಯನ್ನೂ ಕೆಳಗಿಟ್ಟರು.

"ಬರೀ ಮುಳ್ಳಾ?" ಅಂದರು.

ನನ್ನ ಮದುವೆಯ ಮಾತು ಅಲ್ಲಿಗೇ ನಿಂತುಹೋಯಿತು. ಅಪ್ಪನದು ತಪ್ಪು ಅಂತ ಈಗ ಸುಲಭವಾಗಿ ಹೇಳಿಬಿಡಬಹುದು. ಆದರೆ ಅವರು ಓಡಿಸುತ್ತಿದ್ದ ಬಸ್ಸನ್ನು ನೀವು ನೋಡಿರಬೇಕಿತ್ತು. ನಮ್ಮಪ್ಪ ಚಿಕ್ಕಸ್ವಾಮಿ ಖಾಸಗಿ ಬಸ್ಸಿನ ಡ್ರೈವರು. ರಾತ್ರಿ ಬಸ್ಸು ಅಕ್ಕಿಹೆಬ್ಬಾಳಿನ ನಮ್ಮ ಮನೆ ಮುಂದೆಯೇ ತಂಗುತ್ತಿತ್ತು. ಬೆಳಗಾದರೆ ಕೆ.ಆರ್. ಪೇಟೆ, ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗಿ ಮಧ್ಯಾಹ್ನಕ್ಕೆ ವಾಪಸು. ಆ ಬಸ್ಸಿನಲ್ಲಿ ಜೀವ ಇರುವ ಮೀಟರು ಒಂದೂ ಇರಲಿಲ್ಲ. ವೇಗದ ಮೀಟರಿನ ಗಾಜಿನ ಮೇಲೆ ಅಪ್ಪ ಭೈರವೇಶ್ವರನ ಪಟ ಅಂಟಿಸಿದ್ದರು; ಮುಳ್ಳು ದೇವರ ಹಿಂದೆ ಎಲ್ಲೋ ಸೊನ್ನೆಯ ಮೇಲೆ ಮಲಗಿತ್ತು. ವೇಗ ತಿಳಿಯುವುದು ಕಿವಿಯಲ್ಲಿ. ಡೀಸೆಲ್ಲು ತಿಳಿಯುವುದು ಟ್ಯಾಂಕಿಗೆ ಇಳಿಬಿಟ್ಟ ಬಿದಿರು ಕಡ್ಡಿಯಲ್ಲಿ. ಎಂಜಿನ್ನಿನ ಶಾಖ ತಿಳಿಯುವ ಕ್ರಮ ಇನ್ನೂ ಸೊಗಸು. ಡ್ರೈವರ್ ಪಕ್ಕದ ಎಂಜಿನ್ ಪೆಟ್ಟಿಗೆ ಮೇಲೆ ಯಾವಾಗಲೂ ನಾಲ್ಕು ಜನ ಕೂತಿರುತ್ತಿದ್ದರು. ಅವರು ಮೈ ಸರಿಸಿಕೊಂಡರೆ ಎಂಜಿನ್ ಬಿಸಿಯಾಗಿದೆ ಅಂತ, ಎದ್ದು ನಿಂತರೆ ನೀರು ಹಾಕಬೇಕು ಅಂತ. ಈ ಏರ್ಪಾಟಿನಲ್ಲಿ ಅಪ್ಪ ವರ್ಷಗಟ್ಟಲೆ ಬಸ್ಸು ಓಡಿಸಿ ಒಂದು ಕೋಳಿಗೂ ತಾಗಿಸಿದವರಲ್ಲ. ಅಂಥವರ ಮುಂದೆ ಹೋಗಿ ಮುಳ್ಳು ನೋಡುವುದೇ ನನ್ನ ಉದ್ಯೋಗ ಅಂದರೆ ಅವರು ಹೆಣ್ಣು ಕೊಡುತ್ತಾರೆಯೇ?

ಅಪ್ಪನ ಮನಸ್ಸಿನಲ್ಲಿ ಪಾಂಡವಪುರದ ಕಿಶನ್ ಅಂತ ಒಬ್ಬನಿದ್ದ. ಎರಡು ಟೆಂಪೋ ಇಟ್ಟಿದ್ದ. ಮಾತಾಡುವಾಗ ಆಗಾಗ ಮೀಸೆ ಮುಟ್ಟಿ ನೋಡಿಕೊಳ್ಳುತ್ತಿದ್ದ, ಯಾರಾದರೂ ಕದ್ದುಕೊಂಡು ಹೋಗಿದ್ದಾರೋ ಅನ್ನುವ ಹಾಗೆ.

ನನಗೆ ಆ ಮುಳ್ಳು ನೋಡುವ ತಿಮ್ಮರಾಜುವೇ ಬೇಕಾಗಿತ್ತು. ಮುಚ್ಚುಮರೆ ಏನೂ ಇಲ್ಲ. ಆವತ್ತು ನಾನು ಕೊಟ್ಟ ಕಾಫಿ ಕುಡಿದವನಿಗೆ ನಮ್ಮಮ್ಮ ಮಾಯಮ್ಮ, ಹೇಗಿದೆಯಪ್ಪ ನಮ್ಮ ಹೇಮಶ್ರೀ ಮಾಡಿದ ಕಾಫಿ ಅಂತ ಕೇಳಿದರು. ಹೆಣ್ಣು ನೋಡಲು ಬಂದವರು ಆ ಪ್ರಶ್ನೆಗೆ ಏನು ಹೇಳುತ್ತಾರೆ ಅಂತ ಇಡೀ ಜಿಲ್ಲೆಗೆ ಗೊತ್ತು. ಇವನು ಇನ್ನೊಂದು ಗುಟುಕು ಕುಡಿದು, ಯೋಚಿಸಿ, ಸಕ್ಕರೆ ಕಮ್ಮಿ ಆಗಿದೆ ಅಂದ. ಅವನನ್ನು ಕರೆತಂದಿದ್ದ, ನಮ್ಮೂರಿನಲ್ಲೇ ಇದ್ದ ಅವನ ಸೋದರತ್ತೆ ಪಾರ್ವತಮ್ಮ ತಲೆ ಮೇಲೆ ಕೈ ಹೊತ್ತರು. ನಾನು ಒಳಗೆ ಹೋಗಿ ಪಾತ್ರೆಯಲ್ಲಿ ಉಳಿದಿದ್ದನ್ನು ಕುಡಿದು ನೋಡಿದೆ. ನಿಜವಾಗಿಯೂ ಕಮ್ಮಿ ಇತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುವ ಗಂಡಸು ಜೀವನದಲ್ಲಿ ಮತ್ತೆ ಸಿಗುತ್ತಾನೋ ಇಲ್ಲವೋ ಅನ್ನಿಸಿ ಆಗಲೇ ಮನಸ್ಸು ಮಾಡಿಬಿಟ್ಟೆ. ಅಪ್ಪ ಒಪ್ಪುವವರೆಗೂ ಯಾರ ಮುಂದೆಯೂ ಕಾಫಿ ಲೋಟ ಹಿಡಿದು ನಿಲ್ಲುವುದಿಲ್ಲ ಅಂತ ಅಮ್ಮನಿಗೆ ಹೇಳಿದೆ. ಅಪ್ಪ, ಆ ಮುಳ್ಳಿನವನಿಗೆ ತನ್ನ ಪ್ರಾಣ ಹೋದರೂ ಕೊಡುವುದಿಲ್ಲ ಅಂತ ಅಮ್ಮನಿಗೇ ಹೇಳಿದರು. ಅಮ್ಮ ಇಬ್ಬರಿಗೂ ಊಟಕ್ಕೆ ಬಡಿಸಿದರು.

ವಿಮಾನ ನಮ್ಮೂರಿಗೆ ಯಾಕೆ ಬಂದಿತ್ತು ಅಂತ ಹೇಳಬೇಕು. ತೊಂಬತ್ತಾರನೇ ಇಸವಿ, ಶಿವರಾತ್ರಿ ಆಗಷ್ಟೇ ಕಳೆದಿತ್ತು. ಮಾಕವಳ್ಳಿಯಿಂದ ಬೆಳಗೊಳದವರೆಗೆ ಕಬ್ಬಿಗೆ ಯಾವುದೋ ರೋಗ ಬಿದ್ದು, ಅದು ಎಲ್ಲೆಲ್ಲಿ ಹರಡಿದೆ ಅಂತ ಮೇಲಿನಿಂದ ಫೋಟೋ ತೆಗೆಯುವ ಗುತ್ತಿಗೆಯನ್ನು ಬೆಂಗಳೂರಿನ ಒಂದು ಕಂಪನಿ ಹಿಡಿದಿತ್ತು. ನಾಲ್ಕು ಜನ ಕೂರುವ ಪುಟ್ಟ ವಿಮಾನ. ಅಕ್ಕಿಹೆಬ್ಬಾಳಿನ ರೈಲ್ವೆ ಸ್ಟೇಷನ್ನಿನ ಆಚೆಯ ಗೋಮಾಳವನ್ನು ಸಮ ಮಾಡಿ, ದನ ಓಡಿಸಿ, ಅದನ್ನು ಇಳಿಸಿದ್ದರು. ಹಾರಿಸುವವರ ಹೆಸರು ನಮ್ಮೂರ ಬಾಯಿಗೆ ಹಿಡಿಸದಷ್ಟು ಉದ್ದ ಇತ್ತಾದ್ದರಿಂದ ಎಲ್ಲರೂ ಕ್ಯಾಪ್ಟನ್ನು ಅಂತಲೇ ಕರೆದರು. ಮೀಟರುಗಳನ್ನು ನೋಡಿಕೊಳ್ಳಲು ನಾಗಮಂಗಲದ ತಿಮ್ಮರಾಜು. ಮೇಲೆ ಹೋದಾಗ ಯಾವ ಗದ್ದೆ ಯಾರದು ಅಂತ ನಕ್ಷೆ ಮೇಲೆ ಗುರುತು ಹಾಕಲು ಊರಿನ ಗುರುತಿದ್ದವರೊಬ್ಬರು ಬೇಕು ಅಂದರು. ಬಿ.ಎ. ಮಾಡಿ ಮನೆಯಲ್ಲಿ ಕೂತಿದ್ದ ನಾನು ಆ ಕೆಲಸಕ್ಕೆ ಸೇರಿದೆ. ಮಗಳು ವಿಮಾನದಲ್ಲಿ ಹೋಗುತ್ತಾಳೆ ಅಂತ ಅಪ್ಪ ಪ್ರತಿ ಸ್ಟಾಪಿನಲ್ಲೂ ಹೇಳಿದ್ದರು. ಗಂಡನ್ನು ಬೇಡ ಅಂದ ಮೇಲೆ ಕೆಲಸವನ್ನೂ ಬಿಡಿಸೋಣ ಅಂದರೆ, ಅಷ್ಟೂ ಸ್ಟಾಪಿನಲ್ಲಿ ನಿಂತು ಇಲ್ಲ ಅನ್ನಬೇಕಾಗುತ್ತಿತ್ತು. ಹಾಗಾಗಿ ಬಿಡಿಸಲಿಲ್ಲ.

ಮೊದಲು ಕೆಟ್ಟಿದ್ದು ಶಾಖದ ಮೀಟರು. ಹೊರಗಿನ ಗಾಳಿ ಎಷ್ಟು ಬಿಸಿ ಇದೆ ಅಂತ ತಿಳಿಯಲು ರೆಕ್ಕೆಯ ಅಡಿಯಲ್ಲಿ ಬೆರಳುದ್ದದ ಒಂದು ಲೋಹದ ಕಡ್ಡಿ ಇರುತ್ತದೆ. ಗಾಳಿ ಬಿಸಿಯಾದಷ್ಟೂ ತೆಳ್ಳಗಾಗುತ್ತದೆ, ವಿಮಾನ ಮೇಲೇಳಲು ಇನ್ನಷ್ಟು ದೂರ ಓಡಬೇಕಾಗುತ್ತದೆ. ನಮ್ಮ ಗೋಮಾಳವೋ ಚಿಕ್ಕದು, ಕೊನೆಯಲ್ಲಿ ಕೆಂಪಣ್ಣನವರ ಕಬ್ಬಿನ ಗದ್ದೆ. ಶಾಖ ಸರಿಯಾಗಿ ತಿಳಿಯದೆ ಹೊರಟರೆ ಆ ಗದ್ದೆಯ ಫೋಟೋವನ್ನು ತೀರಾ ಹತ್ತಿರದಿಂದ ತೆಗೆಯಬೇಕಾದೀತು ಅಂತ ಕ್ಯಾಪ್ಟನ್ ಹೇಳುತ್ತಿದ್ದರು. ಆವತ್ತು ಬೆಳಿಗ್ಗೆ ನಮ್ಮಮ್ಮ ಶಾಲು ಹೊದ್ದು ನೋಡಲು ಬಂದಿದ್ದರು, ಮೀಟರು ನೋಡಿದರೆ ನಲವತ್ತೊಂದು ಡಿಗ್ರಿ ತೋರಿಸುತ್ತಿತ್ತು.

ತಿಮ್ಮರಾಜು ಕಡ್ಡಿಯಿಂದ ಹೊರಟ ತಂತಿಯನ್ನು ಹಿಡಿದು, ದಾರ ಹಿಡಿದು ಗಾಳಿಪಟ ಹುಡುಕುವವನ ಹಾಗೆ, ಒಂದೊಂದೇ ಗೇಣು ನೋಡುತ್ತ ಹೋದ. ರೆಕ್ಕೆ ಸೇರುವ ಮೂಲೆಯಲ್ಲಿ ಒಂದು ಜೋಡಣೆ ಹಸಿರು ಕಿಲುಬು ಹಿಡಿದಿತ್ತು. ಕಿಲುಬಿನಿಂದ ಕರೆಂಟಿಗೆ ಅಡ್ಡಿಯಾದರೆ ಮೀಟರು ಅದನ್ನೇ ಬಿಸಿ ಅಂದುಕೊಳ್ಳುತ್ತದಂತೆ. ಉಜ್ಜಿ ಜೋಡಿಸಿದ. ಮುಳ್ಳು ಇಪ್ಪತ್ತಕ್ಕೆ ಇಳಿಯಿತು. ಬೇರೆಯವರಾಗಿದ್ದರೆ ಕೈ ತೊಳೆದುಕೊಂಡು ಊಟಕ್ಕೆ ಹೋಗುತ್ತಿದ್ದರು. ಇವನಿಗೆ ಮುಳ್ಳು ಇಳಿದರೆ ಸಾಲದು, ನಿಜಕ್ಕೆ ಇಳಿದಿದೆಯೋ ನೋಡಬೇಕು. ಕಡ್ಡಿಯನ್ನು ಕರಗುವ ಮಂಜುಗಡ್ಡೆಯಲ್ಲಿಟ್ಟರೆ ಮುಳ್ಳು ಸೊನ್ನೆ ತೋರಿಸಬೇಕು. ಆದರೆ ಅಕ್ಕಿಹೆಬ್ಬಾಳಿನಲ್ಲಿ ಮಂಜುಗಡ್ಡೆ ಎಲ್ಲಿಂದ ಬರಬೇಕು?

ಐಸ್ ಕ್ಯಾಂಡಿ ಮಾರುವ ಮಂಚಯ್ಯನಿಂದ ಬಂತು. ವಿಮಾನ ನೋಡಲು ಜನ ಸೇರಿದ್ದರಿಂದ ಅವನು ಸೈಕಲ್ಲು, ಡಬ್ಬ ಸಮೇತ ಬೆಳಿಗ್ಗೆಯಿಂದ ಅಲ್ಲೇ ಬೀಡು ಬಿಟ್ಟಿದ್ದ. ಬರೀ ಐಸ್ ಇಲ್ಲ, ಕಿತ್ತಳೆ ಬಣ್ಣದ್ದು ಮಾತ್ರ ಇದೆ ಅಂದ. ತಿಮ್ಮರಾಜು ಅದನ್ನೇ ಕೊಂಡ. ಕ್ಯಾಂಡಿ ಕುಟ್ಟಿ ಪ್ಲಾಸ್ಟಿಕ್ ಕವರಿಗೆ ತುಂಬಿ ಕಡ್ಡಿಗೆ ಕಟ್ಟಿದ. ಮುಳ್ಳು ಸೊನ್ನೆಯ ಹತ್ತಿರಕ್ಕೆ ಬಂದು ನಿಂತಿತು. ಸುತ್ತ ನಿಂತವರು ವಿಮಾನಕ್ಕೂ ಕ್ಯಾಂಡಿ ಕೊಡಿಸಿದರಲ್ಲ ಅಂತ ನಕ್ಕರು. ಕವರಿನ ತಳದಲ್ಲಿ ತೂತಿತ್ತು. ಕಿತ್ತಳೆ ನೀರು ರೆಕ್ಕೆಯ ಅಡಿಗೆಲ್ಲ ಹರಿಯಿತು. ತಿಮ್ಮರಾಜು ಬಟ್ಟೆಯಲ್ಲಿ ಒರೆಸಿದ. ಒರೆಸಿದ್ದು ಅವನ ಕಣ್ಣಿಗೆ ಸಾಕು ಅನ್ನಿಸಿತು, ಇರುವೆಗಳ ಕಣ್ಣಿಗೆ ಅನ್ನಿಸಲಿಲ್ಲ.

ಆ ಕಡ್ಡಿಯಿಂದ ಒಂದು ಮೊಳ ಆಚೆಗೆ ಇನ್ನೊಂದು ಸಾಮಾನಿದೆ. ಕಿರುಬೆರಳು ಗಾತ್ರದ ಕೊಳವೆ, ಬಾಯಿ ಮುಂದಕ್ಕೆ ತೆರೆದುಕೊಂಡಿರುತ್ತದೆ. ವಿಮಾನ ಓಡಿದಷ್ಟೂ ಗಾಳಿ ಅದರೊಳಕ್ಕೆ ನುಗ್ಗಿ ವೇಗದ ಮೀಟರಿನ ಮುಳ್ಳನ್ನು ಎಬ್ಬಿಸುತ್ತದೆ. ಕೆಲಸ ಇಲ್ಲದಾಗ ಧೂಳು ಹೋಗದಿರಲಿ ಅಂತ ಅದಕ್ಕೊಂದು ಕೆಂಪು ಬಟ್ಟೆಯ ಚೀಲ ಹಾಕಿರುತ್ತಾರೆ. ತಿಮ್ಮರಾಜು ಹಾಕಿದ್ದ. ಇರುವೆಗೆ ಬಟ್ಟೆ ಚೀಲ ಯಾವ ಲೆಕ್ಕ? ಸಿಹಿಗೆ ಅಂತ ಬಂದವು, ಊಟ ಮುಗಿಸಿದವು, ಪಕ್ಕದಲ್ಲೇ ಒಳ್ಳೆ ಮನೆ ಖಾಲಿ ಇದೆ ಅಂತ ನೋಡಿ ಬಿಡಾರ ಹೂಡಿದವು.

ಮಾರನೇ ಬೆಳಿಗ್ಗೆ ನಾನು ನಕ್ಷೆ ತೊಡೆ ಮೇಲೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ವಿಮಾನ ಓಡತೊಡಗಿತು. ಗೋಮಾಳದ ಅಂಚಿನ ಬೇವಿನ ಮರ ದಾಟುವಷ್ಟರಲ್ಲಿ ವೇಗದ ಮುಳ್ಳು ಏಳಬೇಕು ಅಂತ ಕ್ಯಾಪ್ಟನ್ ಮೊದಲೇ ಹೇಳಿದ್ದರು. ಮರ ದಾಟಿತು. ಮುಳ್ಳು ಸೊನ್ನೆಯಲ್ಲೇ ಇತ್ತು, ನಮ್ಮಪ್ಪನ ಬಸ್ಸಿನಲ್ಲಿ ಇರುವ ಹಾಗೆ. ಕ್ಯಾಪ್ಟನ್ ಎಂಜಿನ್ ತಗ್ಗಿಸಿ ಬ್ರೇಕು ತುಳಿದರು. ನಾವು ಕೆಂಪಣ್ಣನವರ ಕಬ್ಬಿನ ಮೊದಲ ಸಾಲಿನ ಹತ್ತಿರ ನಿಂತೆವು. ಒಂದು ಗರಿ ಕಿಟಕಿಯಿಂದ ಒಳಗೆ ಬಂದು ನನ್ನ ಕೆನ್ನೆ ಸವರಿತು. ಗಾಬರಿಯಲ್ಲಿ ನಾನು, ಹಾರಿ, ಸುತ್ತಿ, ಇಳಿದೂ ಆಯಿತು ಅಂತಲೇ ಅಂದುಕೊಂಡಿದ್ದೆ.

ತಿಮ್ಮರಾಜು ಓಡಿ ಬಂದು ಕೊಳವೆಗೆ ಬ್ಯಾಟರಿ ಬಿಟ್ಟು ನೋಡಿದ. ಇರುವೆ ಸಾಲು ಮೊಟ್ಟೆ ಹೊತ್ತುಕೊಂಡು ಒಳಗೆ ಹೊರಗೆ ಓಡಾಡುತ್ತಿತ್ತು. ಅವನ ಮುಖ ಸಣ್ಣಗಾಯಿತು. ಎಲ್ಲರೆದುರು, ಇದು ನನ್ನಿಂದಲೇ ಆದದ್ದು, ಸಕ್ಕರೆ ನೀರು ಅಂತ ಗೊತ್ತಿದ್ದೂ ನೀರು ಹಾಕಿ ತೊಳೆಯಲಿಲ್ಲ ಅಂತ ಕ್ಯಾಪ್ಟನ್ನರಿಗೆ ಹೇಳಿದ. ಈಗ ಮೀಟರಿನ ಹಿಂದಿನಿಂದ ಕೊಳವೆ ಬಿಚ್ಚಬೇಕು, ಆಮೇಲೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಬಿಡಬೇಕು, ಅದಕ್ಕೆ ಕೆ.ಆರ್. ಪೇಟೆಯಿಂದ ಸಣ್ಣ ಪಂಪು, ರಬ್ಬರ್ ನಳಿಗೆ ತರುತ್ತೇನೆ ಅಂದ. ಹೊರಡುವ ಮುಂಚೆ ಸೇರಿದ್ದವರಿಗೆಲ್ಲ ಒಂದು ಮಾತು ಹೇಳಿದ.

"ನಾನ್ ಬರೋಗಂಟ ಯಾರೂ ಮುಟ್ಬ್ಯಾಡಿ. ಅದ್ರಲ್ಲೂ ಬಾಯಿ ಆಕಿ ಊದ್ಬ್ಯಾಡಿ."

ಅಲ್ಲಿಯವರೆಗೆ ಊದುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಮಧ್ಯಾಹ್ನ ಅಪ್ಪ ಬಸ್ಸು ನಿಲ್ಲಿಸಿ, ಖಾಕಿ ಅಂಗಿಯ ಗುಂಡಿ ಬಿಚ್ಚಿಕೊಂಡು ಗೋಮಾಳಕ್ಕೆ ಬಂದರು. ಜೊತೆಗೆ ಕಂಡಕ್ಟರ್ ರಂಗಸ್ವಾಮಿ. ಕ್ಯಾಪ್ಟನ್ ಪಾರ್ವತಮ್ಮನವರ ಮನೆಗೆ ಊಟಕ್ಕೆ ಹೋಗಿದ್ದರು. ಏನಾಗಿದೆ ಅಂತ ಅಪ್ಪ ಕೇಳಿದರು. ಪೈಪು ಕಟ್ಟಿಕೊಂಡಿದೆ, ಪಂಪು ತರಲು ತಿಮ್ಮರಾಜು ಪೇಟೆಗೆ ಹೋಗಿದ್ದಾನೆ ಅಂತ ಮಂಚಯ್ಯ ಹೇಳಿದ. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಪೈಪು ಕಟ್ಟಿಕೊಂಡರೆ ಮಾಡುವುದು ಒಂದೇ ಕೆಲಸ. ಮೊಪೆಡ್ಡಿನ ಕಾರ್ಬೊರೇಟರು ಇರಲಿ, ಪಂಪ್‌ಸೆಟ್ಟು ಇರಲಿ, ಬಸ್ಸಿನ ಡೀಸೆಲ್ ನಳಿಗೆ ಇರಲಿ, ಬಾಯಿ ಹಚ್ಚಿ ಊದುವುದು. ಆ ವಿದ್ಯೆಯಲ್ಲಿ ಅಪ್ಪನನ್ನು ಮೀರಿಸುವವರು ನಾಲ್ಕು ತಾಲೂಕಿನಲ್ಲಿ ಇರಲಿಲ್ಲ.

ನಾನು ಬೇಡ ಅಂದೆ. ತಿಮ್ಮರಾಜು ಹೇಳಿಯೇ ಹೋಗಿದ್ದಾನೆ ಅಂದೆ. ಹಾಗೆ ಅಂದಿದ್ದೇ ತಪ್ಪಾಯಿತು; ಅವನ ಹೆಸರು ಕೇಳುತ್ತಲೇ ಅಪ್ಪ ಟವೆಲಿನಿಂದ ಕೊಳವೆಯ ತುದಿ ಒರೆಸಿದರು. ರಂಗಸ್ವಾಮಿ ಒಳಗೆ ಹತ್ತಿ ಮೀಟರಿನ ಮುಂದೆ ಕೂತ. ಅಪ್ಪ ಬಗ್ಗಿ, ಕೊಳವೆಗೆ ಬಾಯಿ ಹಚ್ಚಿ, ಕಣ್ಣು ಮುಚ್ಚಿಕೊಂಡು ಊದಿದರು. ಮೊದಲು ಏನೂ ಆಗಲಿಲ್ಲ. ಅವರ ಕತ್ತಿನ ನರ ಎದ್ದವು. ಏನೋ ಪುಸಕ್ಕನೆ ಸರಿದ ಸದ್ದಾಯಿತು. ಎಂಬತ್ತು ಅಂತ ರಂಗಸ್ವಾಮಿ ಒಳಗಿನಿಂದ ಕೂಗಿದ, ಟಿಕೇಟು ಹರಿಯುವ ದನಿಯಲ್ಲೇ. ನೂರಿಪ್ಪತ್ತು ಅಂದ. ನೂರೆಂಬತ್ತು, ಮುಳ್ಳು ಕೊನೆ ಮುಟ್ಟಿತು, ಹೋಲ್ಡಾನ್ ಅಂದ. ಅಪ್ಪ ಬಾಯಿ ತೆಗೆದು ಕೆಮ್ಮಿ, ಎರಡು ಇರುವೆ ಉಗಿದರು. ಜನ ಚಪ್ಪಾಳೆ ತಟ್ಟಿದರು. ಮಂಚಯ್ಯ ಅವರ ಕೈಗೆ ಒಂದು ಕ್ಯಾಂಡಿ ಕೊಟ್ಟ.

ಮುಳ್ಳು ವಾಪಸು ಬಂತು. ಆದರೆ ಸೊನ್ನೆಗೆ ಬರಲಿಲ್ಲ, ನಲವತ್ತಕ್ಕೆ ಬಂದು ನಿಂತುಬಿಟ್ಟಿತು. ವಿಮಾನ ಅಲುಗಾಡದೆ ನಿಂತಿದೆ, ಪಕ್ಕದಲ್ಲಿ ಒಂದು ಎಮ್ಮೆ ಮೇಯುತ್ತಿದೆ, ಮೀಟರಿನ ಪ್ರಕಾರ ನಾವು ನಲವತ್ತರ ವೇಗದಲ್ಲಿ ಹೋಗುತ್ತಿದ್ದೇವೆ. ನಾನು ಅದನ್ನು ತೋರಿಸಿದೆ. ಅಪ್ಪ ಕ್ಯಾಂಡಿ ಚೀಪುತ್ತ ಇಣುಕಿ ನೋಡಿ, ಸತ್ತು ಬಿದ್ದಿದ್ದ ಮುಳ್ಳು ಎದ್ದಿದೆಯಲ್ಲ, ನಲವತ್ತು ಮುಂಗಡ ಇದ್ದರೆ ಒಳ್ಳೆಯದೇ ಅಂದರು.

ತಿಮ್ಮರಾಜು ಪಂಪು ಹಿಡಿದುಕೊಂಡು ಬಂದಾಗ ಕ್ಯಾಪ್ಟನ್ ಊಟ ಮುಗಿಸಿ ಬಂದಿದ್ದರು. ಇಳಿಬಿಸಿಲಿನಲ್ಲಿ ಒಂದು ಸುತ್ತು ಹೋಗಿ ಬಂದರೆ ಆವತ್ತಿನ ಕೆಲಸ ಪೂರ್ತಿ ಹಾಳಾಗುವುದಿಲ್ಲ ಅನ್ನುವ ಲೆಕ್ಕದಲ್ಲಿದ್ದರು. ಊರಿನ ಅರ್ಧ ಜನ ಅಲ್ಲೇ ಇದ್ದರು, ನಮ್ಮಮ್ಮನೂ ಇದ್ದರು. ತಿಮ್ಮರಾಜು ನೇರ ಒಳಗೆ ಹತ್ತಿ ಮುಳ್ಳು ನೋಡಿದ. ಗಾಜಿನ ಮೇಲೆ ಬೆರಳಲ್ಲಿ ತಟ್ಟಿದ. ನಲವತ್ತು. ಕೆಳಗಿಳಿದು, ಯಾರು ಊದಿದ್ದು ಅಂತ ಕೇಳಿದ. ಉತ್ತರ ಎಲ್ಲಿದೆ ಅಂತ ಎಲ್ಲರ ಕಣ್ಣೂ ತೋರಿಸುತ್ತಿದ್ದವು.

"ನಾನೇ ಕಣ್ಲಾ ಊದ್ದೋನು," ಅಂದರು ಅಪ್ಪ. "ನೀನು ಪಂಪು ತರಕ್ಕೋಗಿದ್ದೆ. ಅಷ್ಟರಲ್ಲಿ ಸರಿ ಮಾಡ್ಬುಟ್ಟೆ."

ತಿಮ್ಮರಾಜು ನನ್ನ ಕಡೆ ಒಂದು ಸಲ ನೋಡಿದ. ಆ ನೋಟ ನನಗೆ ಅರ್ಥವಾಯಿತು. ಸರಿಯಾಗಿದೆ ಮಾವ ಅಂತ ಒಂದು ಮಾತು ಅಂದುಬಿಟ್ಟಿದ್ದರೆ, ಅಪ್ಪ ಅವತ್ತೇ ಅವನನ್ನು ಮನೆಗೆ ಕರೆದು ಮುದ್ದೆ ಹಾಕಿಸುತ್ತಿದ್ದರು. ಅಷ್ಟು ಸುಲಭವಾಗಿತ್ತು. ಒಂದು ಕ್ಷಣ, ನಾಚಿಕೆ ಬಿಟ್ಟು ಹೇಳುತ್ತೇನೆ, ಅವನು ಹಾಗೆ ಅನ್ನಲಿ ಅಂತ ನನಗೂ ಆಸೆಯಾಯಿತು.

ಅವನು ಹಾಗೆ ಅನ್ನಲಿಲ್ಲ. ಮೀಟರಿನೊಳಗೆ ಕಾಗದದಷ್ಟು ತೆಳ್ಳನೆಯ ತಗಡಿನ ಬುರುಡೆ ಇದೆ, ಜೋರಾಗಿ ಊದಿದ್ದರಿಂದ ಅದು ಉಬ್ಬಿ ಸೊಟ್ಟಗಾಗಿದೆ, ಬೆಂಗಳೂರಿನಿಂದ ಬೇರೆ ಮೀಟರು ಬರುವವರೆಗೆ ಈ ವಿಮಾನ ಹಾರುವ ಹಾಗಿಲ್ಲ ಅಂತ ಕ್ಯಾಪ್ಟನ್ನರಿಗೆ ಹೇಳಿದ. ಊರಿಗೆ ಊರೇ ಅವನಿಗೆ ಬುದ್ಧಿ ಹೇಳಲು ನಿಂತಿತು. ಮನೆ ಗಡಿಯಾರ ಹತ್ತು ನಿಮಿಷ ಮುಂದಿದ್ದರೆ ಕಳೆದು ನೋಡುವುದಿಲ್ಲವೇ, ಹಾಗೆ ನಲವತ್ತು ಕಳೆದುಕೊಂಡು ಹಾರಿಸಲಿ ಅಂದ ರಂಗಸ್ವಾಮಿ. ಮೀಟರಿನ ಮೇಲೆ ಚೀಟಿ ಅಂಟಿಸಿ ಬರೆದುಬಿಡಿ ಅಂದ ಮಂಚಯ್ಯ. ಕೆಂಪಣ್ಣನವರು, ಒಂಚೂರು ಅಡ್ಜಸ್ಟ್ ಮಾಡಿಕೊಳ್ಳಪ್ಪ ಅಂದರು. ಯಾವುದನ್ನು ಯಾವುದಕ್ಕೆ ಅಂತ ಅವರು ಹೇಳಲಿಲ್ಲ. ತಿಮ್ಮರಾಜು ಎಲ್ಲರಿಗೂ ಬೇಸರಿಸದೆ ಉತ್ತರ ಕೊಟ್ಟ. ನಿಂತಾಗ ನಲವತ್ತು ಸುಳ್ಳು ಹೇಳುತ್ತದೆ, ಸರಿ. ಓಡುವಾಗ ಎಷ್ಟು ಸುಳ್ಳು ಹೇಳುತ್ತದೆ ಅಂತ ಯಾರಿಗೆ ಗೊತ್ತು? ಎಷ್ಟು ಅಂತ ಗೊತ್ತಿಲ್ಲದ ಸುಳ್ಳನ್ನು ಕಳೆಯುವುದು ಹೇಗೆ?

"ನನ್ ಬಸ್ಸಲ್ಲಿ ಮುಳ್ಳೇ ಇಲ್ಲ," ಅಂದರು ಅಪ್ಪ. "ಒಂದಿನಾನಾರೂ ಏನಾರ ಆಗೈತಾ?"

"ವೇಗ ಕಮ್ಮಿ ಆದ್ರೆ ಬಸ್ಸು ನಿಂತ್ಕತದೆ ಸಾರ್," ಅಂದ ತಿಮ್ಮರಾಜು. "ಇದು ಬಿದ್ದೋಯ್ತದೆ."

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ಅಷ್ಟು ಜನರ ಮುಂದೆ, ಅದರಲ್ಲೂ ಅವರ ಕಂಡಕ್ಟರಿನ ಮುಂದೆ, ಅವರ ಉಸಿರಿಗೆ ಬೆಲೆ ಇಲ್ಲದ ಹಾಗಾಗಿತ್ತು. ಈ ಮುಳ್ಳು ಕಾಯುವವನಿಗೆ ಹೆದರಿಕೆ, ಅದಕ್ಕೇ ನೆಪ ಹುಡುಕುತ್ತಿದ್ದಾನೆ ಅಂದರು. ವಿಮಾನ ಸರಿ ಇದೆ, ತಾನು ಗ್ಯಾರಂಟಿ ಅಂದರು. ಇನ್ನು ಮೇಲೆ ಇವನ ಹೆಸರು ಮನೆಯಲ್ಲಿ ಎತ್ತಿದರೆ ಚೆನ್ನಾಗಿರುವುದಿಲ್ಲ, ನಾಳೆಯೇ ಪಾಂಡವಪುರಕ್ಕೆ ಹೇಳಿ ಕಳಿಸುತ್ತೇನೆ ಅಂತ ಅಮ್ಮನ ಕಡೆ ತಿರುಗಿ ಹೇಳಿದರು.

ಪಾಂಡವಪುರ ಅಂದರೆ ಕಿಶನ್. ನನಗೆ ಕಿಶನ್‌ನ ಮೀಸೆ ಕಣ್ಣ ಮುಂದೆ ಬಂತು. ಸಿಟ್ಟು ಅಪ್ಪನೊಬ್ಬರ ಸ್ವತ್ತಲ್ಲ. ಅವರಿಂದಲೇ ನನಗೂ ಬಂದಿದೆ. ನಕ್ಷೆ ಕಂಕುಳಲ್ಲಿ ಸಿಕ್ಕಿಸಿಕೊಂಡು ವಿಮಾನದ ಬಾಗಿಲು ತೆಗೆದೆ, ಹತ್ತಿ ಮುಂದಿನ ಸೀಟಿನಲ್ಲಿ ಕೂತೆ, ಬೆಲ್ಟು ಬಿಗಿದುಕೊಂಡೆ.

"ಅಪ್ಪ ಸರಿ ಮಾಡೈತೆ. ಗ್ಯಾರಂಟಿ ಅಂತ ಬ್ಯಾರೆ ಏಳ್ತಾ ಅದೆ," ಅಂದೆ. "ನಡೀರಿ ಕ್ಯಾಪ್ಟನ್ ಸಾಯೇಬ್ರೆ, ಓಗಿ ಬರಾನ."

ಕ್ಯಾಪ್ಟನ್ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ಮೀಸೆಯೊಳಗೆ ಏನೋ ನುಂಗಿಕೊಂಡು ಆ ಕಡೆಯಿಂದ ಹತ್ತಿ ನನ್ನ ಪಕ್ಕ ಕೂತರು. ಕನ್ನಡಕ ಹಾಕಿಕೊಂಡರು. ಕೀಲಿಯ ಮೇಲೆ ಕೈ ಇಟ್ಟರು. ಅವರು ತಮಾಷೆಗೆ ಕೂತಿದ್ದಾರೋ ನಿಜವಾಗಿ ಕೂತಿದ್ದಾರೋ ನನಗೆ ತಿಳಿಯಲಿಲ್ಲ. ಬೆಳಿಗ್ಗೆ ಕೆನ್ನೆ ಸವರಿದ್ದ ಕಬ್ಬಿನ ಗರಿ ನೆನಪಾಯಿತು. ಆದರೂ ಇಳಿಯಲಿಲ್ಲ. ಇಳಿದರೆ ಕಿಶನ್.

ತಿಮ್ಮರಾಜು ವಿಮಾನದ ಮುಂದೆ ಬಂದು ನಿಂತುಬಿಟ್ಟ. ಅದರ ಮೂತಿಯ ಫ್ಯಾನಿನ ಎದುರಿಗೇ ನಿಂತಿದ್ದ. ಬಿಳಿಚಿಕೊಂಡಿದ್ದ. ಪಂಪು ಇನ್ನೂ ಕೈಯಲ್ಲೇ ಇತ್ತು. ನನಗೋಸ್ಕರ ಯಾರಾದರೂ ಹಾಗೆ ನಿಂತಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹೆದರಿಕೆಯ ನಡುವೆಯೂ ಹಿತವಾಯಿತು.

ಮಂಚಯ್ಯ ಡಬ್ಬದ ಮುಚ್ಚಳ ಹಾಕಿದ. ಅಮ್ಮ ಹೋಗಿ ಅಪ್ಪನ ಪಕ್ಕದಲ್ಲಿ ನಿಂತರು. ಅಮ್ಮ ಮಾತಾಡದೆ ನಿಂತರೆ ಅಪ್ಪನಿಗೆ ಯಾವತ್ತೂ ಕಷ್ಟ. ಅವರು ವಿಮಾನದ ಕಡೆ ನೋಡಿದರು. ನಾನು ಮುಖ ಇನ್ನೊಂದು ಕಡೆ ತಿರುಗಿಸಿದೆ. ಅಪ್ಪ ಟವೆಲನ್ನು ಭುಜದಿಂದ ತೆಗೆದು ಮುಖ ಒರೆಸಿಕೊಂಡು ಮತ್ತೆ ಭುಜಕ್ಕೆ ಹಾಕಿಕೊಂಡರು. ಆಮೇಲೆ ನಿಧಾನವಾಗಿ ನಡೆದು ತಿಮ್ಮರಾಜು ನಿಂತಿದ್ದಲ್ಲಿಗೆ ಬಂದರು. ಕಿಟಕಿ ತೆರೆದಿದ್ದರಿಂದ ನನಗೆ ಎಲ್ಲ ಕೇಳಿಸುತ್ತಿತ್ತು. ಅಪ್ಪ ಅಷ್ಟು ಮೆಲ್ಲಗೆ ಮಾತಾಡಬಲ್ಲರು ಅಂತ ನನಗೆ ಗೊತ್ತಿರಲಿಲ್ಲ.

"ನಿಜ ಏಳ್ಲಾ. ಮುಳ್ಳು ಸರಿ ಇಲ್ವಾ?"

"ಇಲ್ಲ."

"ಬಿದ್ದೋಯ್ತದಾ?"

"ಬೀಳ್ಬೋದು. ಬೀಳ್ದೇನೂ ಇರ್ಬೋದು. ನಂಗೊತ್ತಿಲ್ಲ," ಅಂದ ತಿಮ್ಮರಾಜು. "ಗೊತ್ತಿಲ್ದೆ ನಾನು ಅವ್ಳನ್ನ ಕಳ್ಸಕ್ಕಿಲ್ಲ. ನೀವು ಏನಾರ ಅಂದ್ಕಳಿ."

ಅಪ್ಪ ಅವನ ಮುಖ ನೋಡಿದರು. ಅವನ ಕೈಯಲ್ಲಿದ್ದ ಪಂಪು ನೋಡಿದರು. ದಿನವೂ ಬಸ್ಸು ತುಂಬ ಜನರನ್ನು ಕಿವಿಯ ಮೇಲೆ ನಂಬಿಕೆ ಇಟ್ಟು ಹೊತ್ತುಕೊಂಡು ಹೋಗುವ ಮನುಷ್ಯ, ಆವತ್ತು ಮಗಳೊಬ್ಬಳಿಗಾಗಿ ಒಂದು ಮುಳ್ಳಿನ ಮಾತು ಕೇಳಲು ಬಂದಿದ್ದರು. ಹಿಂದೆ ನಿಂತ ಊರಿಗೆಲ್ಲ ಕೇಳುವ ಹಾಗೆ, ತಮ್ಮ ಮಾಮೂಲಿ ದನಿಯಲ್ಲಿ ಗದರಿದರು.

"ಮತ್ಯಾಕ್ಲಾ ಗರ ಬಡ್ದೋನಂಗೆ ನಿಂತಿದ್ದೀಯೆ? ಓಗಿ ಇಳಿಸ್ಕಳ್ಲಾ ನಿನ್ ಎಂಡ್ತೀನ."

ಕ್ಯಾಪ್ಟನ್ ಕೀಲಿಯಿಂದ ಕೈ ತೆಗೆದರು. ತಿಮ್ಮರಾಜು ಪಂಪು ನೆಲಕ್ಕೆ ಹಾಕಿ ನನ್ನ ಕಡೆಯ ಬಾಗಿಲಿಗೆ ಬಂದ. ಆ ಬೆಲ್ಟು ಬಿಚ್ಚುವುದು ನನಗೆ ಚೆನ್ನಾಗಿ ಬರುತ್ತಿತ್ತು. ಬಾರದವಳ ಹಾಗೆ ಸುಮ್ಮನೆ ಕೂತಿದ್ದೆ.